ರೈಫಲ್ ನಳಿಗೆಯ ಶುಚಿ: ಕೊಳೆಗಿಂತ ಉಜ್ಜುವ ಕೈಯೇ ಅಪಾಯ

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರವೆಂದರೆ ಕೈಲ್ ಪೊಳ್ದ್ ಹಬ್ಬದ ಸಂಭ್ರಮ. ಗದ್ದೆಯ ನಾಟಿ ಮುಗಿಯುವವರೆಗೆ ಕನ್ನಿ ಕೋಂಬರೆಯಲ್ಲಿ, ಅಂದರೆ ಮನೆಯ ಪೂಜಾ ಕೋಣೆಯಲ್ಲಿ, ಇರಿಸಿದ್ದ ಕೋವಿಗಳನ್ನು ಅಂದು ಹೊರತೆಗೆದು, ಒರೆಸಿ, ಗಂಧ ಹಚ್ಚಿ, ತೋಕ್ ಪೂ ಸಿಕ್ಕಿಸಿ ಪೂಜಿಸುವುದು ವಾಡಿಕೆ. ಪೂಜೆ ಮತ್ತು ಊಟದ ನಂತರ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಮುಂಗಾರಿನ ಮೂರು ತಿಂಗಳು ತೇವದ ಗಾಳಿಯಲ್ಲಿ ಸುಮ್ಮನೆ ಕುಳಿತಿದ್ದ ಕೋವಿಯ ನಳಿಗೆ ಒಳಗೆ ಹೇಗಿದೆ ಎಂಬುದು ಅಲ್ಲಿ ಬಯಲಾಗುತ್ತದೆ. ಕಳೆದ ವರ್ಷ ಮೊದಲ ಗುಂಡಿಗೇ ಕಾಯಿ ಸೀಳಿದ್ದ ರೈಫಲ್ ಈ ವರ್ಷ ಒಂದು ಗೇಣು ಆಚೆಗೆ ಹೊಡೆದರೆ ಹೊಣೆಯನ್ನು ಕಣ್ಣಿನ ಮೇಲೋ ಕೈಯ ಮೇಲೋ ಹೊರಿಸುವುದು ರೂಢಿ. ನಳಿಗೆಯ ಒಳಗೆ ಇಣುಕಿ ನೋಡುವವರು ಕಡಿಮೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ 2029ರ ಅಕ್ಟೋಬರ್ 31ರವರೆಗೆ, ವಿಸ್ತರಿಸಿದೆ. ಮಲೆನಾಡಿನ ಇತರ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಇವುಗಳಲ್ಲಿ ಬಹುಪಾಲು ಒಳಮೈ ನುಣುಪಾದ, ಚರೆ ಹಾರಿಸುವ ಕೋವಿಗಳು. ಅವುಗಳ ಶುಚಿ ಸರಳವಾದ ಕೆಲಸ. ಕೇಪಿನ ಕೋವಿಗಾದರೆ ಬಿಸಿನೀರು, ಒಣ ಬಟ್ಟೆ, ತುಸು ಎಣ್ಣೆ ಸಾಕು. ರೈಫಲಿನದು ಬೇರೆಯೇ ಕಥೆ. ತೋಟದ ಮನೆಯ ಪಾಯಿಂಟ್ 315 ಇರಲಿ, ಶೂಟಿಂಗ್ ಕ್ಲಬ್ಬಿನ ಸದಸ್ಯರ ಅಥವಾ ಎನ್‌ಸಿಸಿ ಕೆಡೆಟ್‌ಗಳ ಕೈಯಲ್ಲಿರುವ ಪಾಯಿಂಟ್ 22 ಇರಲಿ, ಶುಚಿ ಮಾಡದಿದ್ದರೆ ಗುರಿ ಕೆಡುತ್ತದೆ. ತಪ್ಪಾಗಿ ಶುಚಿ ಮಾಡಿದರೆ ನಳಿಗೆಯೇ ಕೆಡುತ್ತದೆ, ಮತ್ತು ಆ ಹಾನಿ ಮರಳಿ ಸರಿಹೋಗುವಂಥದ್ದಲ್ಲ.

ಕೂದಲೆಳೆಯ ಲೆಕ್ಕ

ರೈಫಲ್ ನಳಿಗೆಯ ಒಳಗೆ ಸುರುಳಿಯಾಕಾರದ ತೋಡುಗಳಿರುತ್ತವೆ. ಎರಡು ತೋಡುಗಳ ನಡುವಿನ ಉಬ್ಬಿದ ಏಣುಗಳು ಗುಂಡಿನ ಮೈಯನ್ನು ಕಚ್ಚಿ ಹಿಡಿದು ಅದನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಸಾಗುತ್ತದೆ. ಸಾಮಾನ್ಯ ಪಾಯಿಂಟ್ 22 ರೈಫಲಿನಲ್ಲಿ 16 ಅಂಗುಲಕ್ಕೆ ಒಂದು ಸುತ್ತಿನಂತೆ ಸುರುಳಿ ಕೊರೆದಿರುತ್ತಾರೆ. ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಈ ಲೆಕ್ಕದಲ್ಲಿ ಸೆಕೆಂಡಿಗೆ ಎಂಟುನೂರು ಸುತ್ತು ತಿರುಗುತ್ತಿರುತ್ತದೆ. ಇಷ್ಟನ್ನೂ ಸಾಧಿಸುವ ಆ ತೋಡಿನ ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ.

ಅಂಥ ತೋಡಿನಲ್ಲಿ ಮಸಿಯೋ ಸೀಸವೋ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಕೂತರೆ ಗುಂಡಿನ ಮೇಲಿನ ಹಿಡಿತ ಏರುಪೇರಾಗುತ್ತದೆ. ಒಂದು ಗುಂಡಿನಿಂದ ಮತ್ತೊಂದಕ್ಕೆ ವೇಗ ಬದಲಾಗುತ್ತದೆ, ಗುಂಡಿನ ಮೃದು ಮೈ ತರಚುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ ಅಗಲ. ಫೈನಲ್‌ನಲ್ಲಿ ಅಂಕವನ್ನು ದಶಾಂಶದಲ್ಲಿ ಎಣಿಸುವುದರಿಂದ ನಳಿಗೆಯಲ್ಲಿನ ಸಣ್ಣ ಏರುಪೇರೂ ಪದಕದ ಪ್ರಶ್ನೆಯಾಗುತ್ತದೆ. ತೋಟಕ್ಕೆ ನುಗ್ಗಿದ ಹಂದಿಗೆ ದಶಾಂಶದ ಲೆಕ್ಕ ಬೇಡವೆಂದು ವಾದಿಸುವವರಿದ್ದಾರೆ. ಅಂಗೈಯಷ್ಟು ಪಕ್ಕಕ್ಕೆ ಸರಿದ ಗುಂಡು ಪ್ರಾಣಿಯನ್ನು ಗಾಯಗೊಳಿಸಿ ಬಿಟ್ಟಾಗ, ಆ ಗಾಯಾಳು ಹಂದಿಯನ್ನು ಮರುದಿನ ಎದುರಿಸಬೇಕಾದವರು ತೋಟದ ಕೂಲಿಯಾಳುಗಳು.

ಕೊಳೆ ಒಂದೇ ಬಗೆಯದಲ್ಲ

ನಳಿಗೆಯ ಒಳಗಿನ ಕೊಳೆಯನ್ನೆಲ್ಲ ಒಟ್ಟಾಗಿ 'ಮಸಿ' ಎಂದು ಕರೆದುಬಿಡುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಮದ್ದು ಉರಿದು ಉಳಿಯುವ ಇಂಗಾಲದ ಮಸಿ ಒಂದು ಬಗೆ. ಹೊಸದಿದ್ದಾಗ ಬಟ್ಟೆಗೆ ಬರುತ್ತದೆ; ಹಲವು ನೂರು ಗುಂಡುಗಳ ಬಿಸಿಗೆ ಗಟ್ಟಿಯಾದ ಮೇಲೆ ಹೆಂಚಿನ ತಳದ ಕರಿಯಂತೆ ಅಂಟಿಕೊಳ್ಳುತ್ತದೆ. ಪಾಯಿಂಟ್ 22 ರೈಫಲಿನಲ್ಲಿ ತೋಟಾ ಕೂರುವ ಚೇಂಬರಿನ ಮುಂದೆಯೇ ಇದು ಉಂಗುರದಂತೆ ಕಟ್ಟುವುದುಂಟು.

ಎರಡನೆಯದು ಲೋಹ. ಪಾಯಿಂಟ್ 22ರ ಗುಂಡು ಸಾಮಾನ್ಯವಾಗಿ ಮೇಣದಂಥ ಜಿಡ್ಡು ಸವರಿದ ಸೀಸದ್ದು. ಅದು ಸೀಸವನ್ನೂ ಜಿಡ್ಡನ್ನೂ ಬಿಟ್ಟುಹೋಗುತ್ತದೆ. ಇಲ್ಲಿ ಒಂದು ವಿಚಿತ್ರವಿದೆ: ಜಿಡ್ಡಿನ ತೆಳು ಲೇಪ ನಳಿಗೆಯುದ್ದಕ್ಕೂ ಸಮನಾಗಿ ಕೂತಾಗಲೇ ಆ ರೈಫಲ್ ಅತ್ಯುತ್ತಮವಾಗಿ ಗುರಿ ಹೊಡೆಯುತ್ತದೆ. ಆದ್ದರಿಂದ ಪಾಯಿಂಟ್ 22 ನಳಿಗೆಯನ್ನು ಕನ್ನಡಿಯಂತೆ ಬೆಳಗಿಸುವ ಉತ್ಸಾಹ ಅನಗತ್ಯ. ಪಾಯಿಂಟ್ 315ರಂಥ ಹೆಚ್ಚು ವೇಗದ ರೈಫಲುಗಳ ಗುಂಡಿಗೆ ತಾಮ್ರದ ಮಿಶ್ರಲೋಹದ ಹೊದಿಕೆ ಇರುತ್ತದೆ. ಅದರ ತೆಳು ಪದರ ಏಣುಗಳಿಗೆ ಅಂಟುತ್ತದೆ, ಅದರ ಮೇಲೆ ಮಸಿ, ಮಸಿಯ ಮೇಲೆ ಮತ್ತೆ ತಾಮ್ರ. ಒಳಗೆ ಬೆಳಕು ಬಿಟ್ಟು ನೋಡಿದರೆ ನಳಿಗೆಯ ಬಾಯಿಯ ಬಳಿ ಕೆಂಪು ಗೆರೆಗಳಾಗಿ ಕಾಣುತ್ತದೆ.

ಮೂರನೆಯದು ಉಪ್ಪು, ಕಣ್ಣಿಗೆ ಕಾಣದ ಶತ್ರು. ಹಳೆಯ ಕಾಲದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಕೂರುತ್ತದೆ. ಅಡುಗೆ ಉಪ್ಪಿನ ಸಂಬಂಧಿಯಾದ ಇದು ಗಾಳಿಯ ತೇವವನ್ನು ಸೆಳೆದು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಪಾಯಿಂಟ್ 303 ಲೀ ಎನ್‌ಫೀಲ್ಡ್ ಕಾಲದ ಸೈನಿಕರು ನಳಿಗೆಗೆ ಕೊಳವೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದುದು ಈ ಕಾರಣಕ್ಕೆ. ಇಂದಿನ ಪಾಯಿಂಟ್ 22 ತೋಟಾಗಳಲ್ಲಿ ಈ ಬಾಧೆ ಇಲ್ಲ. ಆದರೆ ಯಾವ ಕಾಲದ್ದೆಂದು ತಿಳಿಯದ ಹಳೆಯ ದಾಸ್ತಾನಿನ ತೋಟಾ ಹಾರಿಸಿದರೆ, ಅದೇ ದಿನ ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಬಳಿಕ ಎಣ್ಣೆ ಸವರುವುದೇ ಜಾಣತನ. ನೀರು ಎಂದರೆ ತುಕ್ಕು ಎಂದು ಹೆದರಿ ಬರೀ ಎಣ್ಣೆ ಹಚ್ಚಿಟ್ಟರೆ ಆ ಎಣ್ಣೆಯ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ.

ಹಗ್ಗ ಸವೆಸಿದ ಉಕ್ಕು

ಎನ್‌ಸಿಸಿಯಲ್ಲಿದ್ದವರಿಗೆ ಪುಲ್-ಥ್ರೂ ನೆನಪಿರುತ್ತದೆ. ಒಂದು ತುದಿಗೆ ತೂಕ, ಇನ್ನೊಂದು ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಕುಣಿಕೆ ಇರುವ ಹಗ್ಗ. ಅದಕ್ಕೆ ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲದ 'ಚಿಂದಿ' ಸಿಕ್ಕಿಸಿ ನಳಿಗೆಯ ಹಿಂದಿನಿಂದ ಬಿಟ್ಟು ಬಾಯಿಯಿಂದ ಎಳೆಯುವುದು ಪಾಠ. ರಣರಂಗದಲ್ಲಿ ಸೈನಿಕನ ಕೈಗೆ ಇದಕ್ಕಿಂತ ಹಗುರ ಸಾಧನ ಬೇರೆ ಇರಲಿಲ್ಲ. ಲೀ ಎನ್‌ಫೀಲ್ಡಿನ ಹಿಡಿಕೆಯ ಹಿಂಬದಿಯ ಗೂಡಿನಲ್ಲಿ ಹಗ್ಗವೂ ಹಿತ್ತಾಳೆಯ ಎಣ್ಣೆ ಬುಡ್ಡಿಯೂ ಒಟ್ಟಿಗೆ ಕೂರುತ್ತಿದ್ದವು. ಆದರೆ ಅದೇ ಹಗ್ಗ ಸಾವಿರಾರು ಲೀ ಎನ್‌ಫೀಲ್ಡ್ ನಳಿಗೆಗಳನ್ನು ಹಾಳು ಮಾಡಿತು. ನೇರ ಎಳೆಯದೆ ಓರೆಯಾಗಿ ಎಳೆದಾಗ ಧೂಳು ಮೆತ್ತಿದ ಹಗ್ಗ ನಳಿಗೆಯ ಬಾಯಿಯ ಒಂದು ಬದಿಗೆ ಉಜ್ಜುತ್ತದೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗೀರು ಬೀಳುವಂತೆಯೇ ಉಕ್ಕಿನಲ್ಲೂ ಬೀಳುತ್ತದೆ.

ನಳಿಗೆಯ ಬಾಯಂಚನ್ನು ಕ್ರೌನ್ ಎನ್ನುತ್ತಾರೆ. ಗುಂಡು ಕಟ್ಟಕಡೆಗೆ ಮುಟ್ಟುವ ಜಾಗ ಅದು. ಗುಂಡಿನ ಹಿಂಭಾಗ ಆ ಅಂಚನ್ನು ದಾಟುವ ಕ್ಷಣದಲ್ಲಿ ಅದರ ಹಿಂದಿನ ಬಿಸಿ ಅನಿಲ ಸುತ್ತಲೂ ಸಮನಾಗಿ ಹೊರನುಗ್ಗಬೇಕು. ಅಂಚಿನ ಒಂದೇ ಕಡೆ ಸವೆತವೋ ಚಿಕ್ಕ ಮೊನೆಯೋ ಇದ್ದರೆ ಅನಿಲ ಅಲ್ಲಿಂದ ಮೊದಲು ಹೊರಟು ಗುಂಡಿನ ಬೆನ್ನನ್ನು ಪಕ್ಕಕ್ಕೆ ತಳ್ಳುತ್ತದೆ. ನಳಿಗೆಯ ಉಳಿದ ಭಾಗ ಎಷ್ಟೇ ಶುಚಿಯಾಗಿದ್ದರೂ ಆಮೇಲೆ ಪ್ರಯೋಜನವಿಲ್ಲ. ಬಾಯಿಯ ಕಡೆಯಿಂದ ಕಬ್ಬಿಣದ ಸರಳು ತುರುಕಿ ಉಜ್ಜುವುದು, ಸೈಕಲ್ಲಿನ ಕಡ್ಡಿಗೆ ಬಟ್ಟೆ ಸುತ್ತಿ ಆಡಿಸುವುದು, ಎಮೆರಿ ಕಾಗದದಿಂದ ತುಕ್ಕು ಕೆರೆಯುವುದು, ಇವೆಲ್ಲ ಕ್ರೌನ್ ಮತ್ತು ಏಣುಗಳನ್ನು ತಿನ್ನುವ ಕೆಲಸಗಳು. ಇಂಥ ರೈಫಲಿಗಿಂತ ತುಸು ಮಸಿಯಿರುವ ರೈಫಲೇ ಮೇಲು.

ಉಜ್ಜುವ ಮೊದಲು

ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಪೂರ್ತಿ ತೆರೆಯಿರಿ. ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿಯೂ ಮುಟ್ಟಿ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಮಕ್ಕಳು ಸುತ್ತ ಇರಬಾರದು. ಇಷ್ಟೂ ಆಗುವವರೆಗೆ ನಳಿಗೆ ಯಾರ ಕಡೆಗೂ ಮುಖ ಮಾಡಿರಕೂಡದು. 'ಕೋವಿ ಶುಚಿಗೊಳಿಸುವಾಗ ಆಕಸ್ಮಿಕವಾಗಿ ಗುಂಡು ಹಾರಿ' ಎಂದು ಆರಂಭವಾಗುವ ಸುದ್ದಿಗಳನ್ನು ಓದುಗರು ಬಹಳಷ್ಟು ಓದಿದ್ದಾರೆ. ಆ ಕೋವಿಗಳೆಲ್ಲ ಖಾಲಿಯಿವೆ ಎಂದೇ ಅವುಗಳ ಒಡೆಯರು ನಂಬಿದ್ದರು.

ನಂತರ ಬೋಲ್ಟನ್ನು ಹೊರತೆಗೆಯಬೇಕು. ಇಶಾಪುರದ ಕಾರ್ಖಾನೆಯ ಪಾಯಿಂಟ್ 315 ರೈಫಲಿನ ಯಂತ್ರಭಾಗ ಲೀ ಎನ್‌ಫೀಲ್ಡ್ ಮಾದರಿಯದೇ ಆದ್ದರಿಂದ ಬೋಲ್ಟ್ ಹಿಂದಕ್ಕೆ ಪೂರ್ತಿ ಈಚೆ ಬರುತ್ತದೆ. ಮನೆಯಲ್ಲಿ ಒಂದೇ ಬಗೆಯ ಎರಡು ರೈಫಲುಗಳಿದ್ದರೆ ಬೋಲ್ಟುಗಳು ಅದಲುಬದಲಾಗದಂತೆ ಎಚ್ಚರ ವಹಿಸಿ. ಪ್ರತಿ ಬೋಲ್ಟನ್ನೂ ಅದರದೇ ರೈಫಲಿಗೆ ಹೊಂದಿಸಿರುತ್ತಾರೆ.

ಹಿಂದಿನಿಂದ ಮುಂದಕ್ಕೆ

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಕೀಲುಗಳಿಲ್ಲದ, ಒಂದೇ ತುಂಡಿನ ಕ್ಲೀನಿಂಗ್ ರಾಡ್. ಅದರ ಮೇಲೆ ಪ್ಲಾಸ್ಟಿಕ್ ಲೇಪವಿದ್ದರೆ ಇಲ್ಲವೆ ಅದು ಕಾರ್ಬನ್ ಫೈಬರಿನದಾದರೆ ಒಳ್ಳೆಯದು. ಮೂರು ತುಂಡು ಜೋಡಿಸುವ ಅಗ್ಗದ ರಾಡ್ ಬಾಗುತ್ತದೆ, ಕೀಲಿನ ಅಂಚು ನಳಿಗೆಯನ್ನು ಕೆರೆಯುತ್ತದೆ. ರಾಡಿನ ಹಿಡಿ ಸಲೀಸಾಗಿ ತಿರುಗುವಂತಿರಬೇಕು. ಬ್ರಷ್ ಸುರುಳಿಯ ಜಾಡನ್ನು ಹಿಡಿದು ತಾನೇ ತಿರುಗಲು ಇದು ಅಗತ್ಯ. ನಳಿಗೆಯ ಅಳತೆಗೆ ಸರಿಯಾದ ಕಂಚಿನ ಅಥವಾ ನೈಲಾನ್ ಬ್ರಷ್, ಹತ್ತಿ ಬಟ್ಟೆಯ ಪ್ಯಾಚ್‌ಗಳು, ದ್ರಾವಕ, ಗನ್ ಎಣ್ಣೆ. ಸ್ಟೀಲ್ ಬ್ರಷ್ ಖಂಡಿತ ಬೇಡ. ಇನ್ನೊಂದು ಸಾಧನಕ್ಕೆ ಹಣ ಖರ್ಚು ಮಾಡಲು ಹಿಂಜರಿಯಬಾರದು: ಬೋಲ್ಟ್ ಇದ್ದ ಜಾಗದಲ್ಲಿ ಕೂರುವ ಬೋರ್ ಗೈಡ್ ಎಂಬ ಕೊಳವೆ. ರಾಡ್ ನಳಿಗೆಯ ನಟ್ಟನಡುವೆ ಸಾಗುವಂತೆಯೂ ದ್ರಾವಕ ಟ್ರಿಗರಿನೊಳಗೆ ಇಳಿಯದಂತೆಯೂ ಅದು ನೋಡಿಕೊಳ್ಳುತ್ತದೆ.

ರೈಫಲನ್ನು ಮೇಜಿನ ಮೇಲೆ, ಬಾಯಿ ತುಸು ತಗ್ಗಿರುವಂತೆ ಭದ್ರವಾಗಿ ಕೂರಿಸಿ. ಮಸಿ ತೆಗೆಯುವ ದ್ರಾವಕದಲ್ಲಿ ನೆನೆಸಿದ ಪ್ಯಾಚನ್ನು ಹಿಂದಿನಿಂದ ತಳ್ಳಿ. ಬಾಯಿಯಿಂದ ಹೊರಬಂದ ಪ್ಯಾಚನ್ನು ಅಲ್ಲೇ ತೆಗೆದುಬಿಡಬೇಕು. ಕೊಳೆ ಬಟ್ಟೆಯನ್ನು ಮತ್ತೆ ಒಳಕ್ಕೆ ಎಳೆದರೆ ಈಚೆ ಬಂದ ಮರಳಿನ ಕಣ ಮತ್ತೆ ಒಳಸೇರುತ್ತದೆ. ಎರಡು ಮೂರು ಪ್ಯಾಚ್ ಆದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಕೆಲಸ ಮಾಡಬೇಕಾದದ್ದು ದ್ರಾವಕ, ತೋಳಬಲ ಅಲ್ಲ. ನಮ್ಮ ಜನಕ್ಕೆ ಕಷ್ಟವಾಗುವುದು ಈ ಕಾಯುವಿಕೆಯೇ. ಆಮೇಲೆ ಬ್ರಷ್. ಅದನ್ನು ನಳಿಗೆಯ ಪೂರ್ತಿ ಉದ್ದಕ್ಕೂ ತಳ್ಳಿ, ಬಾಯಿಯಿಂದ ಹೊರಬಂದ ಬಳಿಕವೇ ಹಿಂದಕ್ಕೆಳೆಯಬೇಕು. ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಬಾಗಿ ಬ್ರಷ್ ಸಿಕ್ಕಿಬೀಳುತ್ತದೆ. ಹಿಂದಕ್ಕೆ ತರುವಾಗ ರಾಡಿನ ತುದಿ ಕ್ರೌನ್‌ಗೆ ತಾಗದಂತೆ ನಿಧಾನವಾಗಿ ಎಳೆಯಿರಿ. ಐದರಿಂದ ಹತ್ತು ಬಾರಿ ಸಾಕು. ಮತ್ತೆ ಒದ್ದೆ ಪ್ಯಾಚ್, ಕೊನೆಗೆ ಒಣ ಪ್ಯಾಚ್.

ಪಾಯಿಂಟ್ 22ಕ್ಕೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಬಹುದು. ಅದಕ್ಕೆ ಕಂಚಿನ ಬ್ರಷ್ ಕೂಡ ಅಪರೂಪಕ್ಕೆ ಮಾತ್ರ, ಚೇಂಬರಿನ ಮುಂದಿನ ಉಂಗುರ ಗಟ್ಟಿಯಾದಾಗ. ಪಾಯಿಂಟ್ 315ಕ್ಕೆ ತಾಮ್ರದ ಕೆಲಸ ಬಾಕಿ ಇರುತ್ತದೆ. ತಾಮ್ರ ಕರಗಿಸುವ ದ್ರಾವಕಗಳಲ್ಲಿ ಬಹಳಷ್ಟಕ್ಕೆ ಅಮೋನಿಯಾ ಆಧಾರ. ಕಿಟಕಿ ತೆರೆದಿರಿ, ಕೈಗವಸು ಹಾಕಿಕೊಳ್ಳಿ. ಪ್ಯಾಚ್ ನೀಲಿಯೋ ಹಸಿರೋ ಆಗಿ ಹೊರಬಂದರೆ ಒಳಗೆ ತಾಮ್ರ ಇದೆಯೆಂದು ಅರ್ಥ, ಪೂಜೆಯ ತಂಬಿಗೆಗೆ ಹತ್ತುವ ಕಿಲುಬಿನದೇ ಬಣ್ಣ ಅದು. ರಾಡಿನ ತುದಿ ಹಿತ್ತಾಳೆಯದಾದರೆ ಅದರಲ್ಲಿನ ತಾಮ್ರವೂ ಕರಗಿ ಬಟ್ಟೆ ನೀಲಿಯಾಗುತ್ತದೆ. ಇದು ತಿಳಿಯದೆ, ಶುಚಿಯಾದ ನಳಿಗೆಯನ್ನು ಗಂಟೆಗಟ್ಟಲೆ ಉಜ್ಜುವವರೂ ಇದ್ದಾರೆ. ಪ್ಲಾಸ್ಟಿಕ್ ತುದಿ ಬಳಸಿದರೆ ಈ ಗೊಂದಲವಿಲ್ಲ. ಇಂಥ ದ್ರಾವಕವನ್ನು ಶೀಶೆಯ ಮೇಲೆ ಬರೆದಿರುವ ಅವಧಿಗಿಂತ ಹೆಚ್ಚು ಹೊತ್ತು ಒಳಗೆ ಬಿಡಬಾರದು. ರಾತ್ರಿಯಿಡೀ ನೆನೆಸಿಡುವುದಂತೂ ಸಲ್ಲದು. ಪ್ಯಾಚಿನಲ್ಲಿ ಬಣ್ಣ ನಿಂತ ಮೇಲೆ ದ್ರಾವಕದ ಲವಲೇಶವೂ ಉಳಿಯದಂತೆ ಒರೆಸಿ, ಎಣ್ಣೆಯ ಒಂದು ತೆಳು ಪದರ ಕೊಡಬೇಕು.

ಎಣ್ಣೆ ಎಂದರೆ ಗನ್ ಎಣ್ಣೆಯೇ. ಸೀಮೆಎಣ್ಣೆ ಜಿಡ್ಡನ್ನು ತೊಳೆಯುತ್ತದೆ ಹೊರತು ತುಕ್ಕಿನಿಂದ ಕಾಯುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಅದು ನಳಿಗೆಯೊಳಗೆ ಮೇಣವಾಗಿ ಕೂತಿರುತ್ತದೆ.

ಏರ್ ರೈಫಲುಗಳಿಗೆ ಮೇಲಿನ ಯಾವುದೂ ಅನ್ವಯಿಸದು. ಅಲ್ಲಿ ಮದ್ದಿನ ಮಸಿ ಇಲ್ಲ. ಫೆಲ್ಟ್ ಉಂಡೆಗಳನ್ನು ತಳ್ಳಿದರೆ ಸಾಕು. ಸ್ಪ್ರಿಂಗ್ ಮಾದರಿಯಲ್ಲಿ ಒಳಸೇರಿದ ಎಣ್ಣೆ ಗಾಳಿಯ ಒತ್ತಡಕ್ಕೆ ಹೊತ್ತಿಕೊಳ್ಳುವ ಅಪಾಯವೂ ಉಂಟು.

ಎಷ್ಟು ಗುಂಡಿಗೊಮ್ಮೆ?

ಈ ಪ್ರಶ್ನೆಗೆ ಶೂಟರ್‌ಗಳಲ್ಲೇ ಒಮ್ಮತವಿಲ್ಲ. ಪ್ರತಿ ಅಭ್ಯಾಸದ ನಂತರ ಶುಚಿ ಮಾಡುವವರಿದ್ದಾರೆ, ಗುರಿ ಚದುರತೊಡಗುವವರೆಗೆ ಮುಟ್ಟದವರೂ ಇದ್ದಾರೆ. ಇಬ್ಬರೂ ಒಪ್ಪುವ ಮಾತೊಂದಿದೆ: ಆಗಷ್ಟೇ ಶುಚಿ ಮಾಡಿದ ನಳಿಗೆಯ ಮೊದಲ ಗುಂಡುಗಳನ್ನು ನಂಬಬಾರದು. ಎಣ್ಣೆ ಉರಿದುಹೋಗಿ ತೆಳು ಲೇಪ ಸಮನಾಗಿ ಕೂರಲು ಪಾಯಿಂಟ್ 315ರಂಥ ರೈಫಲಿಗೆ ಎರಡು ಮೂರು ಗುಂಡು, ಪಾಯಿಂಟ್ 22ಕ್ಕೆ ಹತ್ತಿಪ್ಪತ್ತು ಗುಂಡು ಬೇಕಾಗಬಹುದು. ಸ್ಪರ್ಧೆಯ ಹಿಂದಿನ ರಾತ್ರಿ ನಳಿಗೆಯನ್ನು ಥಳಥಳಿಸುವಂತೆ ಬೆಳಗಿ ಮರುದಿನ ನೇರವಾಗಿ ತೆಂಗಿನಕಾಯಿಯ ಮುಂದೆ ನಿಲ್ಲುವವರು ಸೋಲುವುದು ಈ ಕಾರಣಕ್ಕೆ.

ವಿವೇಕದ ಮಾರ್ಗವೆಂದರೆ ಒಂದು ನೋಟ್‌ಬುಕ್. ಒಂದೇ ಪೆಟ್ಟಿಗೆಯ ತೋಟಾಗಳಿಂದ, ಆಧಾರದ ಮೇಲಿಟ್ಟು ಐದು ಗುಂಡು ಹಾರಿಸಿ, ಕಾಗದದ ಮೇಲಿನ ತೂತುಗಳ ಗುಂಪು ಎಷ್ಟು ಅಗಲವಿದೆ ಎಂದು ಬರೆದಿಡಿ. ಎಷ್ಟು ಗುಂಡುಗಳ ನಂತರ ಆ ಗುಂಪು ಹರಡತೊಡಗುತ್ತದೆಯೋ ಅದು ನಿಮ್ಮ ರೈಫಲಿನ ಅಳತೆ. ಪಕ್ಕದ ಮನೆಯವರದ್ದು ಬೇರೆ ಇರಬಹುದು. ಗುಂಪು ಹರಡದೆ ಇಡಿಯಾಗಿ ಒಂದು ಕಡೆಗೆ ಸರಿದಿದ್ದರೆ ನಳಿಗೆಯನ್ನು ಶಂಕಿಸುವ ಮುನ್ನ ಗುರಿಪಟ್ಟಿಯ ತಿರುಪುಗಳನ್ನೂ ಮರದ ಹಿಡಿಕೆಯನ್ನೂ ನೋಡಿ. ಮಳೆಗಾಲದಲ್ಲಿ ಬಾಗಿಲು ಹಿಗ್ಗುವಂತೆ ಹಿಡಿಕೆಯ ಮರವೂ ಹಿಗ್ಗಿ ನಳಿಗೆಯನ್ನು ಒತ್ತುತ್ತದೆ. ಇದನ್ನು ಯಾವ ದ್ರಾವಕವೂ ಸರಿಪಡಿಸದು.

ಗುಂಡು ಹಾರಿಸುವ ದಿನ ಎಣ್ಣೆಯನ್ನು ಒಣ ಪ್ಯಾಚಿನಿಂದ ತೆಗೆದು, ಬೋಲ್ಟ್ ಹಾಕುವ ಮೊದಲು ನಳಿಗೆಯಲ್ಲಿ ಬೆಳಕು ಹಾದು ಬರುತ್ತದೆಯೇ ಎಂದು ಹಿಂದಿನಿಂದ ನೋಡುವುದು ಕಡ್ಡಾಯ. ಮರೆತುಹೋದ ಪ್ಯಾಚ್, ಕಣಜ ಕಟ್ಟಿದ ಮಣ್ಣಿನ ಗೂಡು, ನಿಂತ ಎಣ್ಣೆ, ಪೂಜೆಯ ಹೂವು, ಯಾವುದೇ ಅಡ್ಡಿಯಿದ್ದರೂ ಹಿಂದಿನ ಅನಿಲದ ಒತ್ತಡ ನಳಿಗೆಯನ್ನು ಉಬ್ಬಿಸಬಹುದು, ಸೀಳಲೂಬಹುದು. ಆ ಸೀಳು ಹಾರಿಸಿದವರ ಮುಖಕ್ಕೂ ಎಡಗೈಗೂ ಹತ್ತಿರದಲ್ಲಿರುತ್ತದೆ.

ಮಳೆಗಾಲದ ಮೂರು ತಿಂಗಳು

ಹಾರಿಸಿದ ನಳಿಗೆಗಿಂತ ಸುಮ್ಮನಿಟ್ಟ ನಳಿಗೆ ಬೇಗ ಹಾಳಾಗುವ ನಾಡು ನಮ್ಮದು. ತುಕ್ಕು ಹಿಡಿದ ಉಕ್ಕಿನಲ್ಲಿ ಸಿಡುಬಿನ ಕಲೆಯಂಥ ಕುಳಿಗಳು ಬೀಳುತ್ತವೆ. ಆ ಕುಳಿಗಳಲ್ಲಿ ಮಸಿ, ಸೀಸ ಮತ್ತಷ್ಟು ಬೇಗ ತುಂಬಿಕೊಳ್ಳುತ್ತವೆ. ಜೂನ್‌ಗೆ ಮೊದಲು ಪೂರ್ತಿ ಶುಚಿ ಮಾಡಿ ಎಣ್ಣೆ ಸವರಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಹೊರತೆಗೆದು ಹೊಸ ಎಣ್ಣೆಯ ಪ್ಯಾಚ್ ಹಾಯಿಸಿ. ಚರ್ಮದ ಚೀಲ ನೋಡಲು ಚೆಂದ, ಆದರೆ ತೇವ ಹೀರಿಕೊಂಡು ಉಕ್ಕಿಗೆ ಉಣಿಸುತ್ತದೆ. ಅದು ಸಾಗಿಸಲು ಮಾತ್ರ ಇರಲಿ. ಹುಳು ಹೋಗದಿರಲೆಂದು ಬಾಯಿಗೆ ಬಟ್ಟೆ ತುರುಕುವ ಅಭ್ಯಾಸವನ್ನೂ ಬಿಡಬೇಕು. ಬೀಗವಿರುವ ಕಬ್ಬಿಣದ ಕಪಾಟು, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು, ಬಾಯಿ ಕೆಳಗಾಗಿ ನಿಂತ ರೈಫಲ್. ಹೀಗಿಟ್ಟರೆ ಹೆಚ್ಚಾದ ಎಣ್ಣೆ ಹಿಡಿಕೆಯ ಮರಕ್ಕೆ ಇಳಿಯದೆ ಹೊರಬರುತ್ತದೆ.

ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಬೇಕಾಗಿ ಬರುವ ಕೋವಿಗಳ ಪಾಡು ಬೇರೆ. ವಾರಗಟ್ಟಲೆ ಅವು ಒಡೆಯರ ಕೈಗೆ ಸಿಗುವುದಿಲ್ಲ. ಒಪ್ಪಿಸುವ ಮುನ್ನ ದಪ್ಪಗೆ ಎಣ್ಣೆ ಸವರಿ, ನಳಿಗೆಯ ಸ್ಥಿತಿಯ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮರಳಿ ತಂದ ದಿನವೇ ಒಂದು ಒದ್ದೆ ಪ್ಯಾಚ್ ಹಾಯಿಸಿ ನೋಡಿ. ಕಂದು ಬಣ್ಣ ಬಂದರೆ ಅದು ತುಕ್ಕು. ಎಣ್ಣೆಯಲ್ಲಿ ನೆನೆಸಿ, ಕಂಚಿನ ಬ್ರಷ್‌ನಿಂದ ನಿಧಾನವಾಗಿ ತೆಗೆಯಬಹುದು. ಕುಳಿಗಳು ಬಿದ್ದಿದ್ದರೆ, ಅಥವಾ ಕ್ರೌನ್ ಸವೆದಿದ್ದರೆ, ಮನೆಯಲ್ಲಿ ಅರ ಹಿಡಿಯದೆ ಪರವಾನಗಿ ಇರುವ ಕೋವಿ ದುರಸ್ತಿಗಾರರ ಬಳಿ ಒಯ್ಯಿರಿ. ಕ್ರೌನನ್ನು ಹೊಸದಾಗಿ ಕಡೆದು ಕೊಡುವ ಕೆಲಸ ಅವರದು.